ಲ್ಯಾಪ್‌ಟಾಪ್ ಧ್ವನಿ ಬಿಕ್ಕಳಿಸುತ್ತಿದೆಯೇ? ಕಾರಣವಾದ ಡ್ರೈವರ್ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಚಾಮರಾಜಪೇಟೆಯಲ್ಲಿರುವ ನನ್ನ ಚಿಕ್ಕಮ್ಮ ಮನೆಯಲ್ಲೇ ಸಂಗೀತ ಪಾಠ ಹೇಳುತ್ತಾರೆ. ಸಂಜೆ ಅಕ್ಕಪಕ್ಕದ ಮಕ್ಕಳು ಬಂದು ಎದುರಿಗೆ ಕೂರುತ್ತಾರೆ. ಬೆಳಗ್ಗೆ ದೂರದೂರಿನ ಮಕ್ಕಳಿಗೆ ಆನ್‌ಲೈನ್ ಪಾಠ. ಎರಡಕ್ಕೂ ತಂಬೂರಿ ಶ್ರುತಿ ಬರುವುದು ಲ್ಯಾಪ್‌ಟಾಪ್‌ನಿಂದ. ಒಂದು ದಿನ ಫೋನ್ ಮಾಡಿ, "ಶ್ರುತಿ ಬಿಕ್ಕಳಿಸ್ತಾ ಇದೆ ಕಣೋ, ಮಕ್ಕಳು ಸ ಹಿಡಿಯೋಕೇ ಆಗ್ತಿಲ್ಲ" ಅಂದರು.

ನಾನು ಹೋಗುವಷ್ಟರಲ್ಲಿ ಲ್ಯಾಪ್‌ಟಾಪ್ ಒಂದು ರಿಪೇರಿ ಅಂಗಡಿಗೆ ಹೋಗಿ ಬಂದಿತ್ತು. ಸ್ಪೀಕರ್ ಹೋಗಿದೆ ಅಂತ ಹೇಳಿ ಹೊಸದು ಹಾಕಿದ್ದರು. ಬಿಕ್ಕಳಿಕೆ ಹಾಗೇ ಇತ್ತು. ಈಗ ವಿಂಡೋಸ್ ಅಳಿಸಿ ಹೊಸದಾಗಿ ಹಾಕಬೇಕು ಅಂದಿದ್ದರಂತೆ. ಅದರಲ್ಲಿ ಹತ್ತು ವರ್ಷದ ಪಾಠದ ರೆಕಾರ್ಡಿಂಗ್‌ಗಳಿದ್ದವು. ಕೊನೆಗೆ ಸಿಕ್ಕ ಕಾರಣ ವೈಫೈ ಡ್ರೈವರ್. ಡ್ರೈವರ್ ಅಂದರೆ ವೈಫೈ, ಸ್ಪೀಕರ್ ಥರದ ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಚಿಕ್ಕ ತಂತ್ರಾಂಶ. "ವೈಫೈಗೂ ಶ್ರುತಿಗೂ ಏನೋ ಸಂಬಂಧ?" ಅಂತ ಚಿಕ್ಕಮ್ಮ ಕೇಳಿದರು. ಆ ಸಂಬಂಧ ಗೊತ್ತಾದರೆ ಈ ತೊಂದರೆಯನ್ನು ಮನೆಯಲ್ಲೇ, ಒಂದು ರೂಪಾಯಿ ಖರ್ಚಿಲ್ಲದೆ ಹಿಡಿಯಬಹುದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಇಲ್ಲಿರುವ ಹೆಜ್ಜೆಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ.

ಧ್ವನಿ ಯಾಕೆ ಕಡಿಯುತ್ತದೆ

ನಮ್ಮ ಬೆಂಗಳೂರಿನ ಮನೆಗಳ ನೀರಿನ ವ್ಯವಸ್ಥೆ ನೆನಪಿಸಿಕೊಳ್ಳಿ. ಕಾವೇರಿ ನೀರು ಸಂಪಿಗೆ ಬರುತ್ತದೆ. ಮೋಟಾರ್ ಹಾಕಿದರೆ ಮೇಲಿನ ಟ್ಯಾಂಕ್ ತುಂಬುತ್ತದೆ. ನಲ್ಲಿಯಲ್ಲಿ ಬರುವುದು ಟ್ಯಾಂಕಿನ ನೀರು. ಮೋಟಾರ್ ಹಾಕುವುದು ತಡವಾದರೆ ನಲ್ಲಿ ಗೊರಗೊರ ಅನ್ನುತ್ತದೆ. ಧ್ವನಿಯದೂ ಇದೇ ಕತೆ. ಹಾಡಿನ ಫೈಲ್ ಅಂದರೆ ಸಂಪು. ಬಫರ್ ಅಂದರೆ ಟ್ಯಾಂಕ್. ಸ್ಪೀಕರ್ ಅಂದರೆ ನಲ್ಲಿ. ಆದರೆ ಈ ಟ್ಯಾಂಕ್ ತುಂಬಾ ಚಿಕ್ಕದು. ವಿಂಡೋಸ್ ಸಾಮಾನ್ಯವಾಗಿ ಒಂದು ಸಲಕ್ಕೆ 10 ಮಿಲಿಸೆಕೆಂಡಿಗೆ ಆಗುವಷ್ಟು ಧ್ವನಿ ತುಂಬುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ಲೆಕ್ಕದಲ್ಲಿ ಅದು ಬರೀ 480 ಸ್ಯಾಂಪಲ್. ಅಂದರೆ ಪ್ರೊಸೆಸರ್ ಸೆಕೆಂಡಿಗೆ 100 ಸಲ, ಒಂದು ಸಲವೂ ತಪ್ಪದೆ, ಟ್ಯಾಂಕ್ ತುಂಬುತ್ತಿರಬೇಕು.

ಪ್ರೊಸೆಸರ್‌ಗೆ ಇದೊಂದೇ ಕೆಲಸವಲ್ಲ. ವೈಫೈ ಚಿಪ್‌ಗೆ ಡೇಟಾ ಬಂದರೆ ಅದು ಬಂದು ಬಾಗಿಲು ತಟ್ಟುತ್ತದೆ. ಟಚ್‌ಪ್ಯಾಡ್ ಮುಟ್ಟಿದರೆ ತಟ್ಟುತ್ತದೆ. ಬ್ಯಾಟರಿಯೂ ಆಗಾಗ ತಟ್ಟುತ್ತದೆ. ಇದಕ್ಕೆ ಇಂಟರಪ್ಟ್ ಅನ್ನುತ್ತಾರೆ. ತಟ್ಟಿದಾಗ ಆ ಸಾಧನದ ಡ್ರೈವರ್ ಓಡಿ ಬಂದು ತುರ್ತು ಕೆಲಸವನ್ನು ತಕ್ಷಣ ಮುಗಿಸುತ್ತದೆ. ಉಳಿದದ್ದನ್ನು ಡಿಪಿಸಿ, ಅಂದರೆ ಸ್ವಲ್ಪ ಆಮೇಲೆ ಮಾಡುವ ಕೆಲಸಗಳ ಸಾಲಿಗೆ ಹಾಕುತ್ತದೆ. ಈ ಡಿಪಿಸಿ ನಡೆಯುವಾಗ ಪ್ರೊಸೆಸರ್‌ನ ಆ ಕೋರ್‌ನಲ್ಲಿ ಯಾವ ಪ್ರೋಗ್ರಾಂಗೂ ಸರದಿ ಸಿಗುವುದಿಲ್ಲ. ಧ್ವನಿ ತುಂಬುವ ಕೆಲಸಕ್ಕೆ ಎಷ್ಟೇ ಆದ್ಯತೆ ಕೊಟ್ಟಿದ್ದರೂ ಅದು ಕಾಯಲೇಬೇಕು. ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಹೇಳಿರುವ ಮಿತಿ ಇದು: ಮೊದಲ ತುರ್ತು ಕೆಲಸ 25 ಮೈಕ್ರೊಸೆಕೆಂಡ್ ಮೀರಬಾರದು, ಡಿಪಿಸಿ 100 ಮೈಕ್ರೊಸೆಕೆಂಡ್ ಮೀರಬಾರದು. ಒಂದು ಮಿಲಿಸೆಕೆಂಡ್ ಅಂದರೆ 1,000 ಮೈಕ್ರೊಸೆಕೆಂಡ್. ಕೆಟ್ಟ ಡ್ರೈವರ್ ಕೆಲವೊಮ್ಮೆ ಹಲವು ಸಾವಿರ ಮೈಕ್ರೊಸೆಕೆಂಡ್ ಹಿಡಿದು ಕೂರುತ್ತದೆ. ಅಷ್ಟರಲ್ಲಿ ಟ್ಯಾಂಕ್ ಖಾಲಿ. ಆಗ ನಮಗೆ ಟಪ್ ಅಂತಲೋ, ಟ್ರ್‌ರ್‌ರ್ ಅಂತಲೋ ಕೇಳುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 8% ಮಾತ್ರ ಇದ್ದರೂ ಧ್ವನಿ ಕಡಿಯುವುದು ಇದಕ್ಕೇ. ಆ ಅಂಕಿ ಇಡೀ ಸೆಕೆಂಡಿನ ಸರಾಸರಿ. ನಡುವಿನ 12 ಮಿಲಿಸೆಕೆಂಡ್ ತಡ ಅದರಲ್ಲಿ ಕಾಣಿಸುವುದೇ ಇಲ್ಲ. ಧ್ವನಿ ಕಡಿದ ಮಾತ್ರಕ್ಕೆ ತಪ್ಪು ಆಡಿಯೋ ಡ್ರೈವರ್‌ದೇ ಆಗಿರಬೇಕು ಅಂತಲೂ ಇಲ್ಲ. ನಾನು ನೋಡಿದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನ ಸಲ ತಪ್ಪು ಬೇರೆ ಡ್ರೈವರ್‌ನಲ್ಲಿತ್ತು.

ಮೊದಲು ಕಿವಿಗೊಟ್ಟು ಕೇಳಿ

ಯಾವುದಕ್ಕೂ ಕೈ ಹಾಕುವ ಮೊದಲು ತೊಂದರೆ ಯಾವ ಜಾತಿಯದು ಅಂತ ನೋಡಿ. ಒಂದು ಹಾಡಿನ ಫೈಲನ್ನು ಲ್ಯಾಪ್‌ಟಾಪ್‌ಗೆ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ, ತಂತಿಯ ಇಯರ್‌ಫೋನ್ ಚುಚ್ಚಿ ಆ ಫೈಲ್ ಕೇಳಿ. ಪರೀಕ್ಷೆಗೆ ತಂಬೂರಿ ಶ್ರುತಿಗಿಂತ ಒಳ್ಳೆಯ ಧ್ವನಿ ಇಲ್ಲ. ಹಾಡಿನಲ್ಲಿ ಮೃದಂಗದ ಪೆಟ್ಟಿನ ನಡುವೆ ಸಣ್ಣ ಕಡಿತ ಮುಚ್ಚಿಹೋಗುತ್ತದೆ. ಶ್ರುತಿ ಒಂದೇ ಸಮ ಹರಿಯುವುದರಿಂದ ಒಂದು ಕೂದಲೆಳೆಯಷ್ಟು ಕಡಿದರೂ ಕೇಳಿಸುತ್ತದೆ. ಹತ್ತು ನಿಮಿಷ ಹಾಕಿ, ಎಷ್ಟು ಸಲ ಕಡಿಯಿತು ಅಂತ ಕಾಗದದ ಮೇಲೆ ಗೀಟು ಹಾಕುತ್ತಾ ಹೋಗಿ. ಆ ಲೆಕ್ಕ ಮುಂದೆ ಬೇಕಾಗುತ್ತದೆ.

ಆನ್‌ಲೈನ್ ಮೀಟಿಂಗ್‌ನಲ್ಲಿ ಮಾತ್ರ ಎದುರಿನವರ ದನಿ ರೋಬೋಟ್ ಥರ ಎಳೆದರೆ ಅದು ಇಂಟರ್‌ನೆಟ್ ತೊಂದರೆ. ಡ್ರೈವರ್ ಹುಡುಕಿ ಸುಮ್ನೆ ಸಮಯ ಕಳೆಯಬೇಡಿ. ಚಾರ್ಜರ್ ಚುಚ್ಚಿದಾಗ ಮಾತ್ರ ಗುಂಯ್ ಅಂತ ಬರುತ್ತಿದ್ದರೆ ಅದು ಅರ್ಥಿಂಗ್ ತೊಂದರೆ. ಹಳೆಯ ಮನೆಗಳ ಎರಡು ಪಿನ್ ಸಾಕೆಟ್‌ಗಳಲ್ಲಿ ಇದು ಮಾಮೂಲಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಹಾಡು ಶುರುವಾಗುವಾಗ ಮಾತ್ರ ಒಂದು ಟಪ್ ಬಂದರೆ ಅದು ಸೌಂಡ್ ಚಿಪ್ ನಿದ್ದೆಯಿಂದ ಎದ್ದ ಸದ್ದು. ಹೆದರಬೇಕಿಲ್ಲ.

ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಮಾತ್ರ ಕಡಿಯುತ್ತಿದೆಯಾ? ಹಾಗಿದ್ದರೆ ದಾರಿ ಬೇರೆ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದ ಇಪ್ಪತ್ತು ಮನೆಗಳ ವೈಫೈಯೂ ಅಲ್ಲೇ ಇರುತ್ತದೆ. ನಿಮ್ಮ ಲ್ಯಾಪ್‌ಟಾಪನ್ನು ರೂಟರ್‌ನ 5 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಿ ನೋಡಿ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಚುಚ್ಚಿದ್ದರೆ ತೆಗೆಯಿರಿ, ಅದರಿಂದಲೂ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಏಳುತ್ತದೆ. ಮೀಟಿಂಗ್ ಶುರುವಾದ ಕೂಡಲೇ ಧ್ವನಿ ಡಬ್ಬದೊಳಗಿಂದ ಬಂದಂತೆ ಆದರೆ, ಹೆಡ್‌ಫೋನ್‌ನ ಮೈಕ್ ಬಳಸಲು ಬ್ಲೂಟೂತ್ ಕಡಿಮೆ ಗುಣಮಟ್ಟದ ಮೋಡ್‌ಗೆ ಹೋಗಿದೆ ಅಂತ ಅರ್ಥ. ಆಗ ಮೀಟಿಂಗ್ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್‌ನ ಮೈಕ್ ಆರಿಸಿ. ಸಾಕು.

ತಂತಿಯ ಇಯರ್‌ಫೋನ್‌ನಲ್ಲಿ, ಲ್ಯಾಪ್‌ಟಾಪ್‌ನೊಳಗಿನ ಫೈಲೇ ಕಡಿದರೆ ಮುಂದೆ ಓದಿ. ಏರೋಪ್ಲೇನ್ ಮೋಡ್‌ನಲ್ಲಿ ಕಡಿಯದೆ, ಅದನ್ನು ತೆಗೆದಾಗ ಮಾತ್ರ ಕಡಿದರೂ ಓದಿ. ಅದು ತುಂಬಾ ಒಳ್ಳೆಯ ಸುಳಿವು.

ಕೈ ಹಾಕುವ ಮೊದಲು ಮೂರು ಕೆಲಸ

ಒಂದು, ರಿಸ್ಟೋರ್ ಪಾಯಿಂಟ್. ಏನಾದರೂ ಕೆಟ್ಟರೆ ವಿಂಡೋಸನ್ನು ಈಗಿನ ಸ್ಥಿತಿಗೆ ಮರಳಿಸಲು ಇದು ಬೇಕು. ಸ್ಟಾರ್ಟ್ ಒತ್ತಿ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಅಂತ ಟೈಪ್ ಮಾಡಿ. ಸಿ ಡ್ರೈವ್‌ಗೆ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ, ಆಮೇಲೆ ಕ್ರಿಯೇಟ್ ಒತ್ತಿ.

ಎರಡು, ಬಿಟ್‌ಲಾಕರ್ ಕೀ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್‌ನಿಂದ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಡೇಟಾಗೆ ಬೀಗ ಬಿದ್ದಿರುತ್ತದೆ. ಬಯಾಸ್ (ವಿಂಡೋಸ್‌ಗಿಂತ ಮೊದಲು ಲ್ಯಾಪ್‌ಟಾಪನ್ನು ಎಬ್ಬಿಸುವ, ಮದರ್‌ಬೋರ್ಡ್‌ನಲ್ಲಿರುವ ತಂತ್ರಾಂಶ) ಮುಟ್ಟಿದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಫೋನ್‌ನಲ್ಲಿ ಲಾಗಿನ್ ಆಗಿ, ಆ ಕೀ ಅಲ್ಲಿದೆಯಾ ನೋಡಿ, ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ದಯವಿಟ್ಟು ಈ ಕೆಲಸ ಬಿಡಬೇಡಿ. ಕೀ ಇಲ್ಲದೆ ಡೇಟಾ ಕಳೆದುಕೊಂಡವರ ಮುಖ ನೋಡಿದ್ದೇನೆ.

ಮೂರು, ತಾರೀಕು. ತೊಂದರೆ ಯಾವಾಗ ಶುರುವಾಯಿತು ಅಂತ ನೆನಪಿಸಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಅಪ್‌ಡೇಟ್ ಹಿಸ್ಟರಿ ತೆರೆಯಿರಿ. ಅಲ್ಲಿ ಡ್ರೈವರ್ ಅಪ್‌ಡೇಟ್ಸ್ ಎಂಬ ಭಾಗವಿದೆ. ಯಾವ ಡ್ರೈವರ್ ಯಾವ ದಿನ ಬಂತು ಅಂತ ಪಟ್ಟಿ ಸಿಗುತ್ತದೆ. ಚಿಕ್ಕಮ್ಮನಿಗೆ ತಾರೀಕು ನೆನಪಿರಲಿಲ್ಲ, ಆದರೆ "ವರಮಹಾಲಕ್ಷ್ಮಿ ಹಬ್ಬದ ದಿನ ಚೆನ್ನಾಗೇ ಇತ್ತು" ಅಂದರು. ಹುಡುಕುವ ಜಾಗ ಅಷ್ಟಕ್ಕೇ ಅರ್ಧ ಕಡಿಮೆಯಾಯಿತು.

ಅಳೆಯಿರಿ

ಊಹೆ ಮಾಡುತ್ತಾ ಒಂದೊಂದೇ ಡ್ರೈವರ್ ಬದಲಿಸುತ್ತಾ ಹೋದರೆ ವಾರ ಕಳೆಯುತ್ತದೆ. ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರ್ ಎಷ್ಟು ಹೊತ್ತು ಪ್ರೊಸೆಸರ್ ಹಿಡಿದಿತ್ತು ಅಂತ ಅಳೆದು ಹೇಳುತ್ತದೆ. ರೆಸ್‌ಪ್ಲೆಂಡೆನ್ಸ್ ಎಂಬ ಕಂಪನಿಯದು, ಮನೆ ಬಳಕೆಗೆ ಉಚಿತ. ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ. ಹಳೆಯ ಬರಹಗಳಲ್ಲಿ ಡಿಪಿಸಿ ಲೇಟೆನ್ಸಿ ಚೆಕರ್ ಎಂಬ ಇನ್ನೊಂದರ ಹೆಸರು ಸಿಗುತ್ತದೆ. ಅದು ವಿಂಡೋಸ್ 8ರಿಂದ ಈಚೆಗೆ ಸರಿಯಾದ ಅಂಕಿ ತೋರಿಸುವುದಿಲ್ಲ, ಬೇಡ.

ಚಾರ್ಜರ್ ಚುಚ್ಚಿ. ಮಾಮೂಲಿಯಾಗಿ ಧ್ವನಿ ಕಡಿಯುವಾಗ ಏನೆಲ್ಲ ತೆರೆದಿರುತ್ತದೋ ಅದನ್ನೆಲ್ಲ ತೆರೆಯಿರಿ. ಶ್ರುತಿ ಹಾಕಿ. ಲೇಟೆನ್ಸಿಮಾನ್‌ನಲ್ಲಿ ಹಸಿರು ತ್ರಿಕೋನದ ಬಟನ್ ಒತ್ತಿ 15 ನಿಮಿಷ ಬಿಡಿ. ಧ್ವನಿ ಕಡಿದಾಗಲೆಲ್ಲ ತೆರೆಯ ಕಡೆ ನೋಡಿ, ಅಂಕಿ ಹಾರಿತಾ ಅಂತ ಗಮನಿಸಿ. 15 ನಿಮಿಷವಾದ ಮೇಲೆ ನಿಲ್ಲಿಸಿ. ಡ್ರೈವರ್ಸ್ ಎಂಬ ಟ್ಯಾಬ್‌ಗೆ ಹೋಗಿ, ಹೈಯೆಸ್ಟ್ ಎಕ್ಸಿಕ್ಯೂಷನ್ ಎಂಬ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿ. ಜಾಸ್ತಿ ಹೊತ್ತು ಹಿಡಿದ ಡ್ರೈವರ್ ಮೇಲೆ ಬರುತ್ತದೆ. ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಈ ಕಾಲಂನಲ್ಲಿ ಅಂಕಿ ಇರುವುದು ಮಿಲಿಸೆಕೆಂಡ್‌ನಲ್ಲಿ. 0.3 ಅಂದರೆ 300 ಮೈಕ್ರೊಸೆಕೆಂಡ್. ಮೈಕ್ರೋಸಾಫ್ಟ್ ಹೇಳಿದ 100 ದಾಟಿದೆ ಅಂತ ಗಾಬರಿಯಾಗಬೇಡಿ. ಕೆಲವು ನೂರು ಮೈಕ್ರೊಸೆಕೆಂಡ್ ಕಿವಿಗೆ ಗೊತ್ತಾಗುವುದಿಲ್ಲ. 1 ದಾಟಿ 2, 3 ಅಂತ ಹೋದರೆ ಅನುಮಾನಪಡಿ. 10ರ ಹತ್ತಿರ ಬಂದರೆ ಕಳ್ಳ ಸಿಕ್ಕ ಹಾಗೇ. ಇನ್ನೊಂದು ಮಾತು. ಸಾವಿರಗಟ್ಟಲೆ ಸಲ ಓಡಿ ಒಂದೇ ಸಲ ಹೆಚ್ಚು ಹೊತ್ತು ಹಿಡಿದ ಡ್ರೈವರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೂರು ಸಲ ಅಳೆದಾಗಲೂ ಅದೇ ಹೆಸರು ಮೇಲೆ ಬರಬೇಕು.

ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಅಳೆಯಬೇಡಿ. ಐದು ನಿಮಿಷ ಬಿಟ್ಟು ಶುರು ಮಾಡಿ. ಸೇಫ್ ಮೋಡ್‌ನಲ್ಲಿ ಪರೀಕ್ಷಿಸೋಣ ಅಂತ ಕೆಲವರು ಹೋಗುತ್ತಾರೆ. ಸೇಫ್ ಮೋಡ್‌ನಲ್ಲಿ ವಿಂಡೋಸ್‌ನ ಆಡಿಯೋ ಸೇವೆಯೇ ಶುರುವಾಗುವುದಿಲ್ಲ, ಧ್ವನಿಯೇ ಬರುವುದಿಲ್ಲ.

ಹೆಸರು ಓದುವುದು ಹೇಗೆ

ಪಟ್ಟಿಯ ಮೇಲೆ ಬರುವ ಹೆಸರುಗಳು ಡಾಟ್ ಸಿಸ್ ಅಂತ ಮುಗಿಯುತ್ತವೆ. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಮೇಲೆ ಎನ್‌ಡಿಐಎಸ್ ಅಂತ ಇರುತ್ತದೆ. ಅದು ಮೈಕ್ರೋಸಾಫ್ಟ್‌ನದು. ಹಾಗಾಗಿ ವಿಂಡೋಸೇ ಹಾಳಾಗಿದೆ ಅಂತ ಅಳಿಸಿ ಹೊಸದಾಗಿ ಹಾಕುತ್ತಾರೆ. ಆಮೇಲೆ ಅದೇ ಡ್ರೈವರ್ ವಾಪಸ್ ಬಂದು ಕೂರುತ್ತದೆ, ಅದೇ ಬಿಕ್ಕಳಿಕೆ.

ಎನ್‌ಡಿಐಎಸ್ ಒಬ್ಬ ಮೇಸ್ತ್ರಿ ಇದ್ದ ಹಾಗೆ. ಅವನ ಕೆಳಗೆ ವೈಫೈ ಡ್ರೈವರ್, ಲ್ಯಾನ್ ಡ್ರೈವರ್ ಕೆಲಸ ಮಾಡುತ್ತವೆ. ಕೆಲಸಗಾರ ತಡ ಮಾಡಿದರೂ ಲೆಕ್ಕದಲ್ಲಿ ಮೇಸ್ತ್ರಿಯ ಹೆಸರು ಬರುತ್ತದೆ. ಆದ್ದರಿಂದ ಎನ್‌ಡಿಐಎಸ್ ಅಥವಾ ಟಿಸಿಪಿಐಪಿ (ಇದೂ ನೆಟ್‌ವರ್ಕ್‌ನದೇ) ಮೇಲಿದ್ದರೆ ವೈಫೈ ಮತ್ತು ಲ್ಯಾನ್ ಕಡೆ ನೋಡಿ. ವಿಪಿಎನ್ ಅಥವಾ ಆಂಟಿವೈರಸ್ ಹಾಕಿದ್ದರೆ ಅವೂ ಈ ದಾರಿಯಲ್ಲೇ ಕೂತಿರುತ್ತವೆ. ಆಫೀಸ್ ಲ್ಯಾಪ್‌ಟಾಪ್ ಇರುವವರು ಇದನ್ನು ಮರೆಯಬಾರದು.

ಡಿಎಕ್ಸ್‌ಜಿಕೆಆರ್‌ಎನ್‌ಎಲ್ ಗ್ರಾಫಿಕ್ಸ್‌ನ ಮೇಸ್ತ್ರಿ. ಎನ್‌ವಿಎಲ್‌ಡಿಡಿಎಂಕೆಎಂ ಅಂದರೆ ನೇರವಾಗಿ ಎನ್‌ವಿಡಿಯಾ ಡ್ರೈವರ್. ಸ್ಟೋರ್‌ಪೋರ್ಟ್ ಡಿಸ್ಕ್‌ನ ಮೇಸ್ತ್ರಿ. ಪೋರ್ಟ್‌ಸಿಎಲ್‌ಎಸ್ ಮತ್ತು ಎಚ್‌ಡಿಆಡ್‌ಬಸ್ ಥರದ ಹೆಸರುಗಳು ಧ್ವನಿಯವು. ಎಸಿಪಿಐ ಅಂದರೆ ಬ್ಯಾಟರಿ, ಫ್ಯಾನ್, ಪವರ್ ಬಟನ್ ಇವುಗಳ ವ್ಯವಹಾರ.

ಅತಿ ಕಷ್ಟದ ಹೆಸರು ಡಬ್ಲ್ಯೂಡಿಎಫ್ 01000. ಟಚ್‌ಪ್ಯಾಡ್, ಬ್ಲೂಟೂತ್, ಯುಎಸ್‌ಬಿ, ಕಾರ್ಡ್ ರೀಡರ್, ಹೀಗೆ ಎಷ್ಟೋ ಡ್ರೈವರ್‌ಗಳು ಇದರ ನೆರಳಿನಲ್ಲಿ ಓಡುತ್ತವೆ. ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಇಲ್ಲಿ ಮುಂದಿನ ಹೆಜ್ಜೆಯೇ ಗತಿ.

ಒಂದೊಂದಾಗಿ ನಿಲ್ಲಿಸಿ ನೋಡಿ

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅನುಮಾನ ಇರುವ ಸಾಧನದ ಮೇಲೆ ಬಲ ಕ್ಲಿಕ್ ಮಾಡಿ, ಡಿಸೇಬಲ್ ಡಿವೈಸ್ ಒತ್ತಿ. ಮತ್ತೆ 15 ನಿಮಿಷ ಶ್ರುತಿ, ಮತ್ತೆ ಲೇಟೆನ್ಸಿಮಾನ್, ಮತ್ತೆ ಗೀಟು. ಗೀಟುಗಳು ಸೊನ್ನೆಯಾದರೆ ಕಾರಣ ಸಿಕ್ಕಿತು. ಆಗದಿದ್ದರೆ ಆ ಸಾಧನವನ್ನು ಎನೇಬಲ್ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಒಂದೇ ಸಲಕ್ಕೆ ಎರಡನ್ನು ಮುಟ್ಟಬೇಡಿ. ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ನಾನು ಹೋಗುವ ಕ್ರಮ ಇದು: ಹೊರಗೆ ಚುಚ್ಚಿದ ಎಲ್ಲ ಯುಎಸ್‌ಬಿ ಸಾಧನ, ವೈಫೈ, ಬ್ಲೂಟೂತ್, ಲ್ಯಾನ್, ಕ್ಯಾಮೆರಾ, ಕಾರ್ಡ್ ರೀಡರ್, ಕೊನೆಗೆ ಬ್ಯಾಟರಿ. ಟಚ್‌ಪ್ಯಾಡ್ ನಿಲ್ಲಿಸುವುದಿದ್ದರೆ ಮೊದಲು ಮೌಸ್ ಚುಚ್ಚಿಕೊಳ್ಳಿ. ಡಿಸ್ಪ್ಲೇ, ಡಿಸ್ಕ್, ಪ್ರೊಸೆಸರ್ ಮತ್ತು ಸಿಸ್ಟಮ್ ಡಿವೈಸಸ್ ಎಂಬ ಭಾಗಕ್ಕೆ ಕೈ ಹಾಕಬೇಡಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಎನ್‌ವಿಡಿಯಾದ್ದನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ತೆರೆ ತೋರಿಸುತ್ತದೆ.

ಬ್ಯಾಟರಿ ಪರೀಕ್ಷೆಗೆ ಬ್ಯಾಟರೀಸ್ ಎಂಬ ಭಾಗದಲ್ಲಿ ಕಂಟ್ರೋಲ್ ಮೆಥಡ್ ಬ್ಯಾಟರಿ ಅಂತ ಮುಗಿಯುವ ಸಾಲನ್ನು ಡಿಸೇಬಲ್ ಮಾಡಿ. ವಿಂಡೋಸ್ ಪದೇ ಪದೇ ಬ್ಯಾಟರಿಯನ್ನು ಎಷ್ಟಿದೆ ಎಷ್ಟಿದೆ ಅಂತ ಕೇಳುವುದು ನಿಲ್ಲುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಅಂತರದಲ್ಲಿ ಬರುವ ಕಡಿತಕ್ಕೆ ಇದೇ ಕಾರಣ. ಪರೀಕ್ಷೆ ಮುಗಿದ ಕೂಡಲೇ ಮರೆಯದೆ ಎನೇಬಲ್ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಬ್ಯಾಟರಿ ಖಾಲಿಯಾಗುತ್ತಿರುವುದು ವಿಂಡೋಸ್‌ಗೆ ಗೊತ್ತಾಗುವುದಿಲ್ಲ. ಎಚ್ಚರಿಕೆ ಬರದೆ ಲ್ಯಾಪ್‌ಟಾಪ್ ಧಡಕ್ಕನೆ ಆಫ್ ಆಗುತ್ತದೆ.

ಸಿಕ್ಕ ಡ್ರೈವರನ್ನು ಸರಿಪಡಿಸುವುದು

ಕಾರಣ ಸಿಕ್ಕ ಮೇಲೆ ಮೊದಲ ಉಪಾಯ ಹಿಂದಕ್ಕೆ ಹೋಗುವುದು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್, ಅದರಲ್ಲಿ ಡ್ರೈವರ್ ಟ್ಯಾಬ್. ಅಲ್ಲಿರುವ ತಾರೀಕು ಮತ್ತು ವರ್ಷನ್ ಸಂಖ್ಯೆ ಬರೆದುಕೊಳ್ಳಿ. ರೋಲ್ ಬ್ಯಾಕ್ ಡ್ರೈವರ್ ಬಟನ್ ಮಸುಕಾಗಿರದಿದ್ದರೆ ಒತ್ತಿ. ಮಸುಕಾಗಿದ್ದರೆ ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್ ಅಂತ ಹೋಗಿ. ಹಳೆಯ ವರ್ಷನ್ ಇನ್ನೂ ಡಿಸ್ಕ್‌ನಲ್ಲಿ ಇದ್ದರೆ ಪಟ್ಟಿಯಲ್ಲಿ ಕಾಣಿಸುತ್ತದೆ.

ಎರಡನೆಯ ಉಪಾಯ ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್. ಲ್ಯಾಪ್‌ಟಾಪ್‌ನ ಹೊಟ್ಟೆಯ ಮೇಲೆ ಸ್ಟಿಕರ್‌ನಲ್ಲಿ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗ್ ಇರುತ್ತದೆ. ಕಂಪನಿಯ ಸಪೋರ್ಟ್ ಪುಟದಲ್ಲಿ ಅದನ್ನು ಹಾಕಿದರೆ ನಿಮ್ಮ ಮಾಡೆಲ್‌ಗೆ ಪರೀಕ್ಷಿಸಿದ ಡ್ರೈವರ್ ಸಿಗುತ್ತದೆ. ಒಂದೇ ಚಿಪ್ ಆದರೂ ಕಂಪನಿಗಳು ತಮ್ಮ ಮಾಡೆಲ್‌ಗೆ ತಕ್ಕ ಹಾಗೆ ಬದಲಿಸಿರುತ್ತವೆ. ಆದ್ದರಿಂದ ಇಲ್ಲಿಂದಲೇ ಶುರು ಮಾಡಿ. ಅಲ್ಲಿಯದು ಹಳೆಯದಾಗಿ ತೊಂದರೆ ಹೋಗದಿದ್ದರೆ ಮಾತ್ರ ಚಿಪ್ ಮಾಡಿದವರ, ಅಂದರೆ ಇಂಟೆಲ್, ಎಎಂಡಿ, ಎನ್‌ವಿಡಿಯಾದವರ ಪುಟಕ್ಕೆ ಹೋಗಿ. ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಅಪ್‌ಡೇಟ್ ಮಾಡುತ್ತೇವೆ ಅನ್ನುವ ತಂತ್ರಾಂಶಗಳನ್ನು ಹಾಕಲೇಬೇಡಿ. ಅವು ಒಟ್ಟಿಗೆ ಹತ್ತು ಡ್ರೈವರ್ ಬದಲಿಸುತ್ತವೆ. ಇಲ್ಲಿಯವರೆಗೆ ನೀವು ಮಾಡಿದ ಪತ್ತೆಯೆಲ್ಲ ನೀರುಪಾಲು.

ವೈಫೈ ಆದರೆ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ಇದೆಯಾ ನೋಡಿ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ. ಇದ್ದರೆ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬರ್ಥದ ಟಿಕ್ ತೆಗೆಯಿರಿ.

ಗ್ರಾಫಿಕ್ಸ್ ಆದರೆ ಹೊಸ ಡ್ರೈವರ್ ಹಾಕುವಾಗ ಕಸ್ಟಮ್ ಆರಿಸಿ, ಕ್ಲೀನ್ ಇನ್‌ಸ್ಟಾಲೇಷನ್‌ಗೆ ಟಿಕ್ ಹಾಕಿ. ಹಳೆಯ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತವೆ. ಡಿಸ್ಕ್ ಡ್ರೈವರ್ ಆದರೆ ಕಂಪನಿಯ ಹೊಸ ಸ್ಟೋರೇಜ್ ಡ್ರೈವರ್ ಹಾಕಿ ಅಷ್ಟಕ್ಕೇ ನಿಲ್ಲಿಸಿ. ಬಯಾಸ್‌ನಲ್ಲಿ ಡಿಸ್ಕ್‌ನ ಮೋಡ್ ರೇಡ್ ಇದ್ದದ್ದನ್ನು ಎಎಚ್‌ಸಿಐಗೆ ಸುಮ್ನೆ ಬದಲಿಸಿದರೆ ವಿಂಡೋಸ್ ಶುರುವಾಗದೆ ಹೋಗಬಹುದು.

ಆಡಿಯೋ ಡ್ರೈವರ್ರೇ ಕಾರಣವಾದರೆ

ಮೊದಲು ಅಲಂಕಾರ ತೆಗೆಯಿರಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ನಿಮ್ಮ ಸ್ಪೀಕರ್ ಅಂತ ಹೋಗಿ. ಅಲ್ಲಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿ ಹಾಕಿದ ಬಾಸ್, ಸರೌಂಡ್ ಥರದ ಆ್ಯಪ್ ಇದ್ದರೆ ಅದನ್ನೂ ನಿಲ್ಲಿಸಿ. ಅದೇ ಪುಟದಲ್ಲಿ ಫಾರ್ಮ್ಯಾಟ್ ಎಂಬಲ್ಲಿ 48,000 ಹರ್ಟ್ಸ್ ಆರಿಸಿ. ಕೆಲವರು 192,000 ಹಾಕಿರುತ್ತಾರೆ. ಕೇಳುವ ಹಾಡಿಗೆ ಅದರಿಂದ ಲಾಭವಿಲ್ಲ, ಪ್ರತಿ ಸೆಕೆಂಡಿಗೆ ನಾಲ್ಕು ಪಟ್ಟು ಕೆಲಸ ಮಾತ್ರ ಜಾಸ್ತಿ.

ಆಮೇಲೆ ಮೈಕ್ರೋಸಾಫ್ಟ್‌ನ ಸಾದಾ ಡ್ರೈವರ್ ಹಾಕಿ ನೋಡಿ. ಡಿವೈಸ್ ಮ್ಯಾನೇಜರ್‌ನ ಸೌಂಡ್ ಭಾಗದಲ್ಲಿ ರಿಯಲ್‌ಟೆಕ್ ಅಥವಾ ಅಂಥ ಹೆಸರಿನ ಸಾಧನದ ಮೇಲೆ ಅಪ್‌ಡೇಟ್ ಡ್ರೈವರ್, ಬ್ರೌಸ್, ಲೆಟ್ ಮಿ ಪಿಕ್. ಪಟ್ಟಿಯಲ್ಲಿ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಇದ್ದರೆ ಆರಿಸಿ. ಸ್ಪೀಕರ್ ಸ್ವಲ್ಪ ಪೇಲವವಾಗಿ ಕೇಳಿಸಬಹುದು. ಇಯರ್‌ಫೋನ್ ಚುಚ್ಚಿದ್ದು ಗುರುತಿಸದಿರಬಹುದು. ಆದರೆ ಬಿಕ್ಕಳಿಕೆ ನಿಂತರೆ ತಪ್ಪು ಕಂಪನಿಯ ಆಡಿಯೋ ಡ್ರೈವರ್‌ನಲ್ಲಿದೆ ಅಂತ ಖಚಿತವಾಯಿತು. ಆಗ ಅದರ ಬೇರೆ ವರ್ಷನ್ ಹುಡುಕಿ.

ವರ್ಷನ್ ಸಂಖ್ಯೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. ಇಂಟೆಲ್ ಸ್ಮಾರ್ಟ್ ಸೌಂಡ್ ಟೆಕ್ನಾಲಜಿಯ 10.29.0.5152 ಮತ್ತು 10.30.0.5152 ಎಂಬ ಎರಡು ವರ್ಷನ್‌ಗಳು 11ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ 11 ಜೊತೆ ಹೊಂದದೆ, ವಿಂಡೋಸ್ ಕುಸಿದು ನೀಲಿ ತೆರೆ ಬರುತ್ತಿತ್ತು. ಅಂಥ ಕಂಪ್ಯೂಟರ್‌ಗಳಿಗೆ ಮೈಕ್ರೋಸಾಫ್ಟ್ ವಿಂಡೋಸ್ 11 ಕೊಡುವುದನ್ನೇ ತಡೆಹಿಡಿದಿತ್ತು. ಕೊನೆಯ ಅಂಕಿ 5714 ಅಥವಾ ಅದಕ್ಕಿಂತ ಹೆಚ್ಚಿದ್ದ ವರ್ಷನ್‌ಗಳಲ್ಲಿ ಸರಿಯಾಯಿತು. ಚಿಪ್ ಅದೇ, ಲ್ಯಾಪ್‌ಟಾಪ್ ಅದೇ, ಬದಲಾಗಿದ್ದು ನಾಲ್ಕು ಅಂಕಿ.

ಪವರ್ ಸೆಟ್ಟಿಂಗ್

ಪ್ರೊಸೆಸರ್ ವಿದ್ಯುತ್ ಉಳಿಸಲು ತೂಕಡಿಸುತ್ತದೆ. ಎಬ್ಬಿಸಿದಾಗ ಏಳಲು ಸ್ವಲ್ಪ ಹೊತ್ತು ಬೇಕು. ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡ್ ಅನ್ನು ಬೆಸ್ಟ್ ಪರ್ಫಾರ್ಮೆನ್ಸ್ ಮಾಡಿ ಅಳೆಯಿರಿ. ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಎಂಬ ವಿದ್ಯುತ್ ಉಳಿತಾಯವನ್ನು ಆಫ್ ಮಾಡುವ ಆಯ್ಕೆ ಇದ್ದರೆ ಅದನ್ನೂ ಮಾಡಿ ನೋಡಿ. ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಫರಕ್ಕು ಕಾಣದಿದ್ದರೆ ಮೊದಲಿನಂತೆ ಇಟ್ಟುಬಿಡಿ.

ಫ್ಯಾನ್ ಜೋರಾಗಿ ತಿರುಗಿ, ಲ್ಯಾಪ್‌ಟಾಪ್ ಬಿಸಿಯಾದ ಮೇಲೆ ಮಾತ್ರ ಕಡಿಯುತ್ತಿದೆಯಾ? ನಮ್ಮ ಊರಿನ ರಸ್ತೆಯ ಧೂಳು ಫ್ಯಾನ್‌ನಲ್ಲಿ ಕಂಬಳಿ ಥರ ಕೂತಿರುತ್ತದೆ. ಒಮ್ಮೆ ಸ್ವಚ್ಛ ಮಾಡಿಸಿ, ಆಮೇಲೆ ಅಳೆಯಿರಿ.

ಬಯಾಸ್

ಎಸಿಪಿಐ ಹೆಸರು ಪದೇ ಪದೇ ಮೇಲೆ ಬಂದರೆ ಬಯಾಸ್ ಅಪ್‌ಡೇಟ್ ನೋಡಲೇಬೇಕು. ಎಎಂಡಿ ರೈಜೆನ್ ಪ್ರೊಸೆಸರ್ ಇರುವವರಿಗೆ ಇನ್ನೊಂದು ವಿಷಯ. ವಿಂಡೋಸ್ 10 ಮತ್ತು 11ರಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್‌ನೊಳಗಿನ ಒಂದು ಭದ್ರತಾ ವ್ಯವಸ್ಥೆ) ಆನ್ ಇದ್ದಾಗ ಇಡೀ ಕಂಪ್ಯೂಟರ್ ಆಗೊಮ್ಮೆ ಈಗೊಮ್ಮೆ ಒಂದು ಕ್ಷಣ ನಿಂತಂತಾಗುವ ತೊಂದರೆ ಇದೆ ಅಂತ 2022ರಲ್ಲಿ ಎಎಂಡಿಯೇ ಒಪ್ಪಿಕೊಂಡಿತು. ಬಯಾಸ್ ಇರುವ ಫ್ಲ್ಯಾಶ್ ಚಿಪ್ ಜೊತೆಗಿನ ವ್ಯವಹಾರ ಎಳೆಯುತ್ತಿದ್ದುದು ಕಾರಣ. ಪರಿಹಾರ ಹೊಸ ಬಯಾಸ್ ಮೂಲಕವೇ ಬಂತು. ಧ್ವನಿಯ ಜೊತೆ ಮೌಸ್ ಕೂಡ ನಿಲ್ಲುತ್ತಿದ್ದರೆ, ಬಯಾಸ್ ಅದಕ್ಕಿಂತ ಹಳೆಯದಿದ್ದರೆ, ಇದನ್ನೇ ಮೊದಲು ಮಾಡಿ.

ಬಯಾಸ್ ಫೈಲ್ ಲ್ಯಾಪ್‌ಟಾಪ್ ಕಂಪನಿಯ ಪುಟದಿಂದ ಮಾತ್ರ ತೆಗೆದುಕೊಳ್ಳಿ. ಬ್ಯಾಟರಿ ತುಂಬಿರಲಿ, ಚಾರ್ಜರೂ ಚುಚ್ಚಿರಲಿ. ಬ್ಯಾಟರಿ ಸತ್ತುಹೋಗಿ ಬರೀ ಚಾರ್ಜರ್ ಮೇಲೆ ಓಡುವ ಲ್ಯಾಪ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸ ಬೇಡ. ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಹೋಗಬಹುದು. ಬರೆದಿಟ್ಟ ಬಿಟ್‌ಲಾಕರ್ ಕೀ ಪಕ್ಕದಲ್ಲಿರಲಿ.

ಯಾವುದಕ್ಕೂ ಬಗ್ಗದಿದ್ದರೆ

ಉಬುಂಟು ಪೆನ್‌ಡ್ರೈವ್ ಪರೀಕ್ಷೆ ಮಾಡಿ. ಉಬುಂಟು ಅಂದರೆ ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್. 8 ಜಿಬಿ ಅಥವಾ ಹೆಚ್ಚಿನ ಪೆನ್‌ಡ್ರೈವ್‌ಗೆ ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಉಬುಂಟು ಬರೆಯಿರಿ. ಅದರಿಂದ ಬೂಟ್ ಮಾಡಿ ಟ್ರೈ ಉಬುಂಟು ಆರಿಸಿ. ಇನ್‌ಸ್ಟಾಲ್ ಒತ್ತಬೇಡಿ. ಟ್ರೈ ಮಾಡಿದರೆ ನಿಮ್ಮ ಡಿಸ್ಕ್‌ಗೆ ಏನೂ ಬರೆಯುವುದಿಲ್ಲ. ಅಲ್ಲಿ ಶ್ರುತಿ ಹಾಕಿ ಕೇಳಿ. ಅಲ್ಲಿ ಡ್ರೈವರ್‌ಗಳೆಲ್ಲ ಬೇರೆ. ಶ್ರುತಿ ಶುದ್ಧವಾಗಿ ಹರಿದರೆ ಯಂತ್ರ ಗಟ್ಟಿ ಇದೆ, ತಪ್ಪು ವಿಂಡೋಸ್ ಕಡೆಯ ಡ್ರೈವರ್‌ದು. ಅಲ್ಲೂ ಅದೇ ಥರ ಬಿಕ್ಕಳಿಸಿದರೆ ಮಾತ್ರ ಹಾರ್ಡ್‌ವೇರ್ ಅಥವಾ ಬಯಾಸ್ ಮೇಲೆ ಅನುಮಾನ. ಆಗ ಸರ್ವಿಸ್ ಸೆಂಟರ್‌ಗೋ, ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡ್‌ಗೋ ಹೋಗಿ. ಹೋಗುವಾಗ ಲೇಟೆನ್ಸಿಮಾನ್ ಫೋಟೋ, ಉಬುಂಟುವಿನಲ್ಲಿ ಏನಾಯಿತು ಎಂಬ ಟಿಪ್ಪಣಿ ಒಯ್ಯಿರಿ. ಸ್ಪೀಕರ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ, ಇಯರ್‌ಫೋನ್‌ನಲ್ಲೂ ಕಡಿಯುತ್ತದೆ ಅಂತ ಅಲ್ಲೇ ತೋರಿಸಿ.

ವಿಂಡೋಸ್ 10 ಇನ್ನೂ ಇಟ್ಟುಕೊಂಡಿರುವವರಿಗೆ: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಚೆನ್ನಾಗಿ ಓಡುತ್ತಿರುವ ಡ್ರೈವರ್‌ಗಳ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಸರಿಯಾದದ್ದು ಮತ್ತೆ ಕೆಡದಂತೆ

ನೀವು ಹಳೆಯ ಡ್ರೈವರ್ ಹಾಕಿ ಬಂದಿರುತ್ತೀರಿ. ಎರಡು ದಿನ ಬಿಟ್ಟು ವಿಂಡೋಸ್ ಅಪ್‌ಡೇಟ್ ಹೊಸದನ್ನು ತಂದು ಕೂರಿಸುತ್ತದೆ. ಸ್ಟಾರ್ಟ್‌ನಲ್ಲಿ ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್ ಅಂತ ಹುಡುಕಿ, ಅದರಲ್ಲಿ ನೋ ಆರಿಸಿ. ಆಪ್ಷನಲ್ ಅಪ್‌ಡೇಟ್ಸ್‌ನಲ್ಲಿ ಬರುವ ಡ್ರೈವರ್‌ಗಳಿಗೆ ಟಿಕ್ ಹಾಕಬೇಡಿ. ಇಷ್ಟಾದರೂ ಕೆಲವೊಮ್ಮೆ ನುಸುಳುತ್ತದೆ. ಬಿಕ್ಕಳಿಕೆ ಮತ್ತೆ ಕೇಳಿಸಿದರೆ ಮೊದಲು ಡ್ರೈವರ್ ಟ್ಯಾಬ್‌ನಲ್ಲಿ ವರ್ಷನ್ ಬದಲಾಗಿದೆಯಾ ನೋಡಿ. ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಮಾತ್ರ ಪೂರ್ತಿ ನಿಲ್ಲಿಸಬೇಡಿ.

ಚಿಕ್ಕಮ್ಮನ ಲ್ಯಾಪ್‌ಟಾಪ್‌ನಲ್ಲಿ ಲೇಟೆನ್ಸಿಮಾನ್ ಪಟ್ಟಿಯ ಮೇಲೆ ಎನ್‌ಡಿಐಎಸ್ ಇತ್ತು, ಎದುರಿಗೆ 14 ಮಿಲಿಸೆಕೆಂಡ್. ವೈಫೈ ಡಿಸೇಬಲ್ ಮಾಡಿದೆ, 0.2ಕ್ಕೆ ಇಳಿಯಿತು, ಶ್ರುತಿ ನೆಟ್ಟಗಾಯಿತು. ಅಪ್‌ಡೇಟ್ ಹಿಸ್ಟರಿ ನೋಡಿದರೆ ಹಬ್ಬ ಕಳೆದು ನಾಲ್ಕನೇ ದಿನ ಹೊಸ ವೈಫೈ ಡ್ರೈವರ್ ಬಂದಿತ್ತು. ರೋಲ್ ಬ್ಯಾಕ್ ಮಸುಕಾಗಿತ್ತು. ಕಂಪನಿಯ ಪುಟದಿಂದ ಹಿಂದಿನ ವರ್ಷನ್ ಇಳಿಸಿ ಹಾಕಿದೆ. ವೈಫೈ ಆನ್ ಇಟ್ಟೇ ಇಪ್ಪತ್ತು ನಿಮಿಷ ಶ್ರುತಿ ಹಾಕಿದೆವು. ಕಾಗದದ ಮೇಲೆ ಒಂದೂ ಗೀಟು ಬೀಳಲಿಲ್ಲ. ಹದಿನೈದನೇ ನಿಮಿಷಕ್ಕೆ ಚಿಕ್ಕಮ್ಮ ಪರೀಕ್ಷೆ ಮರೆತು ಮಾಯಾಮಾಳವಗೌಳದ ಸರಳೆ ಹಾಡಲು ಶುರು ಮಾಡಿದ್ದರು. ಆ ಡ್ರೈವರ್‌ನ ವರ್ಷನ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅವರ ಶ್ರುತಿಪೆಟ್ಟಿಗೆಯ ಒಳಗೆ ಇಟ್ಟು ಬಂದಿದ್ದೇನೆ.